ಟವೆಲ್ಲಿನ ಕೆಳಗೆ ಇದ್ದದ್ದು

ಚಿರಂತ್, ಇಂಚರಾ,

ಹೋದ ಸಲ ನಾನು ನಿಮ್ಮ ಫೋರ್ಟ್ ಮಿಲ್‌ಗೆ ಬಂದಿದ್ದಾಗ ಚಿರಂತ್ ಊಟದ ಮಧ್ಯೆ ಕೇಳಿದ್ದ: "ಅಜ್ಜಿ, ವಾಸ್ ಇಟ್ ಎ ರಿಯಲ್ ಗನ್?" ನಾನು "ಮೊದ್ಲು ಸಾರು ಕಲಸ್ಕೊ, ಆರೋಗುತ್ತೆ" ಅಂದೆ. ನಿಮ್ಮಮ್ಮ ಬೇರೆ ಮಾತು ತೆಗೆದಳು. ಇಂಚರಾ ಮಾತ್ರ ಊಟ ಮುಗಿಯುವವರೆಗೂ ನನ್ನ ಮುಖ ನೋಡುತ್ತಲೇ ಇದ್ದಳು.

ಬಾಯಲ್ಲಿ ಹೇಳುವುದಕ್ಕೆ ನನಗೆ ಬರುವುದಿಲ್ಲ. ನಾಲ್ಕು ಜನ ನನ್ನ ಕಡೆ ತಿರುಗಿದರೆ ಗಂಟಲು ಕಟ್ಟುತ್ತದೆ. ಹಳ್ಳಿಯ ಸ್ಕೂಲಿನಲ್ಲೂ ಹಾಗೇ ಇತ್ತು. ಮೇಷ್ಟ್ರು ಕೇಳಿದ್ದಕ್ಕೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ, ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಈಗಲೂ ಹಾಗೇ ಬರೆದು ತೋರಿಸುತ್ತಿದ್ದೇನೆ. ನೀವು ಶನಿವಾರದ ಕನ್ನಡ ಕ್ಲಾಸು ಬಿಡದಿದ್ದರೆ ಒಂದು ದಿನ ಇದನ್ನು ನೀವೇ ಓದಬಹುದು.

ನಿಮ್ಮ ತಾತ ತೀರಿಕೊಂಡದ್ದು ಕೊರೋನಾ ಬಂದ ಮೊದಲ ಚಳಿಗಾಲದಲ್ಲಿ. ಅಟ್ಲಾಂಟಾದ ಒಂದು ಹೋಟೆಲಿನಲ್ಲಿ ಅವರು ಅಡುಗೆ ಮಾಡುತ್ತಿದ್ದರು. ಅವರ ಬೆರಳ ತುದಿಗಳಲ್ಲಿ ಸುಟ್ಟ ಕಲೆಗಳು ಎಷ್ಟಿದ್ದವೆಂದರೆ ಬಿಸಿ ದೋಸೆಯನ್ನು ಕೈಯಲ್ಲೇ ಮಗುಚುತ್ತಿದ್ದರು. ಆಸ್ಪತ್ರೆಯ ಒಳಗೆ ನನ್ನನ್ನು ಬಿಡಲಿಲ್ಲ. ಒಬ್ಬ ನರ್ಸು ಟ್ಯಾಬ್ಲೆಟ್ ಹಿಡಿದು ಅವರ ಮುಖ ತೋರಿಸಿದಳು. ಕೈ ತೋರಿಸಿ ಅಂತ ಕೇಳಬೇಕು ಅನ್ನಿಸಿತು. ಇಂಗ್ಲಿಷಿನಲ್ಲಿ ಹೇಗೆ ಕೇಳುವುದು ಅಂತ ಜೋಡಿಸಿಕೊಳ್ಳುವಷ್ಟರಲ್ಲಿ ಪರದೆ ಕಪ್ಪಾಯಿತು.

ಆಮೇಲೆ ನಿಮ್ಮಮ್ಮ ಫೋರ್ಟ್ ಮಿಲ್‌ಗೆ ಬಾ ಎಂದಳು. ನಾನು ಲಾರೆನ್ಸ್‌ವಿಲ್ ಬಿಡಲಿಲ್ಲ. ಅಟ್ಲಾಂಟಾ ಪಕ್ಕದ ಊರು, ತಾತ ಇದ್ದ ಮನೆ, ನಡೆದು ಹೋಗುವಷ್ಟು ಹತ್ತಿರ ಒಂದು ಇಂಡಿಯನ್ ಗ್ರೋಸರಿ ಅಂಗಡಿ. ಅಲ್ಲೇ ಕೆಲಸಕ್ಕೆ ಸೇರಿದೆ. ಅಂಗಡಿ ಯಜಮಾನರು ದಾವಣಗೆರೆ ಕಡೆಯವರು, ನಿಮ್ಮಮ್ಮನ ವಯಸ್ಸು. ನನ್ನನ್ನು ಆಂಟಿ ಅನ್ನುತ್ತಿದ್ದರು, ಮಧ್ಯಾಹ್ನ ತಮ್ಮ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ನನಗೆ ಕೊಡುತ್ತಿದ್ದರು. ಬೆಳಿಗ್ಗೆ ಕೊತ್ತಂಬರಿ, ಕರಿಬೇವು ಕಟ್ಟು ಕಟ್ಟುವುದು, ಬೆಂಡೆಕಾಯಲ್ಲಿ ಬಲಿತದ್ದನ್ನು ಆರಿಸಿ ತೆಗೆಯುವುದು, ಮಧ್ಯಾಹ್ನದ ಮೇಲೆ ಕೌಂಟರ್ ನೋಡಿಕೊಳ್ಳುವುದು, ಇಷ್ಟು ನನ್ನ ಕೆಲಸ.

ಆ ವರ್ಷ ಕೌಂಟರ್ ಮುಂದೆ ಪ್ಲಾಸ್ಟಿಕ್ ಗಾಜಿನ ಹಲಗೆ ನಿಲ್ಲಿಸಿದ್ದರು. ಗಿರಾಕಿಗಳು ದುಡ್ಡನ್ನು ಒಂದು ತಟ್ಟೆಯಲ್ಲಿ ಇಡುತ್ತಿದ್ದರು, ಚಿಲ್ಲರೆಯನ್ನು ನಾನೂ ಅದೇ ತಟ್ಟೆಯಲ್ಲಿ ಇಟ್ಟು ನೂಕುತ್ತಿದ್ದೆ. ಕೈಗೆ ಕೈ ತಾಗುವ ಹಾಗಿರಲಿಲ್ಲ. ಎಲ್ಲರ ಮುಖಕ್ಕೂ ಮಾಸ್ಕು. ದಿನವಿಡೀ ಜನ ಬಂದು ಹೋಗುತ್ತಿದ್ದರು, ಸಂಜೆ ಮನೆಗೆ ಬಂದು ಕೂತರೆ ಯಾರ ಮುಖವೂ ನೆನಪಿರುತ್ತಿರಲಿಲ್ಲ. ತಾತನ ಕಡೆಯ ಕಾಯಿಲೆಯಿಂದ ಈಚೆಗೆ ನನ್ನನ್ನು ಯಾರೂ ಮುಟ್ಟಿರಲಿಲ್ಲ ಎಂಬುದು ನನಗೇ ಗೊತ್ತಿರಲಿಲ್ಲ. ಗೊತ್ತಾದದ್ದು ಆ ಮಳೆಯ ಮಧ್ಯಾಹ್ನ.

ಯಜಮಾನರು ಬ್ಯಾಂಕಿಗೆ ಹೋಗಿದ್ದರು. ಅಂಗಡಿಯಲ್ಲಿ ನಾನೊಬ್ಬಳೇ. ಮಾಸ್ಕು ಹಾಕಿ, ಜಾಕೆಟ್ಟಿನ ಟೋಪಿ ಎಳೆದುಕೊಂಡ ಒಬ್ಬ ಒಳಗೆ ಬಂದ. ಹುಡುಗನಲ್ಲ, ನಲವತ್ತು ದಾಟಿದ ಗಂಡಸು, ದೊಡ್ಡ ಆಳು. ಗಾಜಿನ ಮುಂದೆ ನಿಲ್ಲಲಿಲ್ಲ. ತರಕಾರಿ ತೂಗುವ ತಕ್ಕಡಿಯ ಪಕ್ಕ ಗಾಜಿಲ್ಲದ ಒಂದು ಸಂದು ಇತ್ತು, ಅಲ್ಲಿಗೆ ಬಂದ. ಬಲಗೈ ಮುಂದೆ ಚಾಚಿದ್ದ. ಕೈಯ ಮೇಲೆ ಒಂದು ಬೂದು ಟವೆಲ್ ಇಳಿಬಿದ್ದಿತ್ತು. ಅದರ ಕೆಳಗೆ ಏನೋ ನೆಟ್ಟಗೆ ನನ್ನ ಕಡೆಗೆ ತಿರುಗಿತ್ತು.

"ಓಪನ್ ದ ಡ್ರಾಯರ್, ಮ್ಯಾಮ್," ಎಂದ. ತನ್ನ ಹತ್ತಿರ 'ಸಮ್‌ಥಿಂಗ್' ಇದೆ ಎಂದೂ ಹೇಳಿದ. ಏನು ಎಂದು ಹೇಳಲಿಲ್ಲ.

ಇನ್ನು ಮುಂದಿನದು ನಿಮಗೆ ಅರ್ಥವಾಗಬೇಕಾದರೆ ನನ್ನ ಅಪ್ಪನ ವಿಷಯ ಹೇಳಬೇಕು. ಗುಬ್ಬಿ ಸೀಮೆಯಲ್ಲಿ ಅವರು ದನದ ದಲ್ಲಾಳಿ. ಹಳ್ಳಿಕಾರ್ ಎತ್ತು ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವವರು. ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಹೇಳಿದರೆ ಸುತ್ತ ನಿಂತವರಿಗೆಲ್ಲ ಗೊತ್ತಾಗುತ್ತದಲ್ಲ. ಒಬ್ಬ ಕೈ ಚಾಚಿ ಮೇಲೆ ಟವೆಲ್ ಹೊದಿಸುತ್ತಿದ್ದ, ಇನ್ನೊಬ್ಬ ಟವೆಲ್ಲಿನ ಕೆಳಗೆ ಕೈ ಹಾಕಿ ಬೆರಳು ಹಿಡಿಯುತ್ತಿದ್ದ. ಎಷ್ಟು ಬೆರಳು ಹಿಡಿದರೆ ಎಷ್ಟು ಎಂಬುದು ಇಬ್ಬರಿಗೂ ಗೊತ್ತು. ಒಪ್ಪದಿದ್ದರೆ ಬೆರಳು ಬಿಡಿಸಿಕೊಂಡು ಬೇರೆ ಬೆರಳು ಹಿಡಿಯುತ್ತಿದ್ದರು. ಮೇಲೆ ಇಬ್ಬರೂ ಮಳೆ ಬೆಳೆ ಮಾತಾಡುತ್ತಿದ್ದರು, ಕೆಳಗೆ ಬೆರಳು ಜಗಳವಾಡುತ್ತಿದ್ದವು.

ಹೆಣ್ಣುಮಕ್ಕಳು ಆ ಟವೆಲ್ಲಿನ ಹತ್ತಿರವೂ ಹೋಗುವಂತಿಲ್ಲ. ಅಪ್ಪ ನನಗೆ ಮನೆಯಲ್ಲಿ, ಜಗಲಿಯ ಮೇಲೆ ಆಟವಾಗಿ ಕಲಿಸಿದ್ದರು. ಟವೆಲ್ ಹೊದಿಸಿ ಕೈ ಚಾಚಿ "ಹೇಳವ್ವ, ಎಷ್ಟು?" ಅನ್ನುತ್ತಿದ್ದರು. ನಾನು ತಟ್ಟನೆ ಕೈ ಹಾಕಬೇಕು. ತಡ ಮಾಡಿದರೆ "ಎತ್ತು ಬೇರೆಯೋನ್ ಹೊಡ್ಕೊಂಡ್ ಹೋದ" ಎಂದು ನಗುತ್ತಿದ್ದರು. "ಬಾಯಿ ಸುಳ್ ಹೇಳ್ತೈತೆ ಕಣವ್ವ, ಬೆರಳು ಹೇಳಾಕಿಲ್ಲ. ಗರಜು ಇರೋನ ಬೆರಳು ನಡುಗ್ತೈತೆ" ಅನ್ನುತ್ತಿದ್ದರು.

ಆ ಮನುಷ್ಯ ಟವೆಲ್ ಹೊದ್ದ ಕೈಯನ್ನು ನನ್ನ ಮುಂದೆ ಚಾಚಿದಾಗ, ಮಕ್ಕಳೇ, ನನ್ನ ಕೈ ಹೋಗಿ ಟವೆಲ್ಲಿನ ಕೆಳಗೆ ಸೇರಿಬಿಟ್ಟಿತ್ತು. ಯೋಚನೆ ಆಮೇಲೆ ಬಂತು. ಧೈರ್ಯ ಅಂದುಕೊಳ್ಳಬೇಡಿ. ಹಾವು ಕಂಡರೆ ಕಾಲು ಹಾರುತ್ತದಲ್ಲ, ಹಾಗೆ.

ಕೆಳಗೆ ಬಂದೂಕು ಇರಲಿಲ್ಲ. ಎರಡು ಬೆರಳು ಜೋಡಿಸಿ ಮುಂದಕ್ಕೆ ಚಾಚಿದ್ದ. ಮಿಕ್ಕವು ಮಡಿಚಿದ್ದವು. ಬೆರಳು ಮಳೆಯಲ್ಲಿ ನೆನೆದು ತಣ್ಣಗಾಗಿದ್ದವು, ನಡುಗುತ್ತಿದ್ದವು. ತೋರುಬೆರಳ ಪಕ್ಕದಲ್ಲಿ ಉದ್ದಕ್ಕೆ ಒಂದು ಸುಟ್ಟ ಗಾಯದ ಗುರುತು, ನುಣ್ಣಗೆ, ಉಬ್ಬಿಕೊಂಡು. ಅಂಥ ಗುರುತು ನನ್ನ ಕೈಗೆ ಚೆನ್ನಾಗಿ ಗೊತ್ತು.

ಅವನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನಾನೂ ಬಿಡಲಿಲ್ಲ. ಎಷ್ಟು ಹೊತ್ತು ಅಂತ ಆಮೇಲೆ ಕೋರ್ಟಿನಲ್ಲಿ ಕೇಳಿದರು, ಹೇಳಲಾಗಲಿಲ್ಲ. ಮಾಸ್ಕಿನ ಮೇಲೆ ಅವನ ಕಣ್ಣು ದೊಡ್ಡದಾಯಿತು. "ಪ್ಲೀಸ್," ಎಂದ, ಮೆಲ್ಲಗೆ. ಆಗ ನಾನು ಕೈ ಬಿಟ್ಟು ಡ್ರಾಯರ್ ತೆಗೆದೆ. ಇದ್ದದ್ದನ್ನು ಎಡಗೈಯಲ್ಲಿ ಬಾಚಿಕೊಂಡು ಹೋದ. ಟವೆಲ್ ತಕ್ಕಡಿಯ ಮೇಲೆ ಬಿದ್ದಿತ್ತು.

ಬಂದೂಕಿಲ್ಲ ಅಂತ ಗೊತ್ತಾದ ಮೇಲೆ ಯಾಕೆ ಕೊಟ್ಟೆ? ಇಂಚರಾ ಕೇಳೇ ಕೇಳುತ್ತಾಳೆ. ಹೆದರಿದ್ದೆ ಕಂದಾ. ನಾನೊಬ್ಬಳು, ಅವನು ಆ ಗಾತ್ರ, ಹೊರಗೆ ಧೋ ಎಂದು ಮಳೆ. ಅಷ್ಟು ಗರಜು, ಅಷ್ಟು ತುರ್ತು ಇರುವವನು ಏನು ಮಾಡುತ್ತಾನೋ ಯಾರು ಬಲ್ಲರು.

ಯಜಮಾನರು ಬಂದರು, ಪೊಲೀಸರು ಬಂದರು. ಆಫೀಸರ್ ನನ್ನನ್ನು ಕೇಳಿದ. ನಾನು ಬಾಯಿ ತೆಗೆಯುವ ಮೊದಲೇ ಯಜಮಾನರು ಉತ್ತರ ಹೇಳಿದರು. ಅವರು ನನಗಿಂತ ಹೆಚ್ಚು ಹೆದರಿದ್ದರು. ಅವರಿಗೆ ಬೇಕಾದವರೊಬ್ಬರು ಹಿಂದೆ ಹೀಗೇ ಅಂಗಡಿಯಲ್ಲಿ ಗುಂಡೇಟು ತಿಂದಿದ್ದರು. "ಟವೆಲ್ ಕೆಳಗೆ ಗನ್ ಇಟ್ಕೊಂಡು ಪಾಯಿಂಟ್ ಮಾಡಿದ್ನಂತೆ, ಅಲ್ವಾ ಆಂಟಿ? ಹೆದರ್ಕೊಂಡ್ರಿ ಅಲ್ವಾ?" ಎಂದರು. ಹೆದರಿಕೊಂಡಿದ್ದು ನಿಜ. ತಲೆ ಆಡಿಸಿದೆ. ಕ್ಯಾಮೆರಾದಲ್ಲಿ ನನ್ನ ಬೆನ್ನು ಮಾತ್ರ ಬಿದ್ದಿತ್ತು. ಆ ಮನುಷ್ಯ ಮುಂದಿನ ಸಿಗ್ನಲ್ ದಾಟುವ ಮೊದಲೇ ಸಿಕ್ಕಿಬಿದ್ದ. ಅವನ ಹತ್ತಿರ ಬಂದೂಕು ಸಿಗಲಿಲ್ಲ, ಎಸೆದಿರುತ್ತಾನೆ ಎಂದರು.

ಕೈ ಹಿಡಿದೆ ಎಂದು ನಾನು ಯಾರಿಗೂ ಹೇಳಲಿಲ್ಲ. ಗುರುತಿಲ್ಲದ ಗಂಡಸಿನ ಬೆರಳನ್ನು, ಗಂಡ ತೀರಿ ಇನ್ನೂ ವರ್ಷ ಕಳೆಯದಿರುವಾಗ, ಟವೆಲ್ಲಿನ ಕೆಳಗೆ ಹಿಡಿದುಕೊಂಡಿದ್ದೆ ಎಂದು ಹೇಗೆ ಹೇಳುವುದು? ಯಾರಿಗೆ ಹೇಳುವುದು? ಫೋನಿನಲ್ಲಿ ನಿಮ್ಮಮ್ಮ "ಏನಾದ್ರೂ ಮಾಡಿದ್ನಾ ಅಮ್ಮಾ, ಮುಟ್ಟಿದ್ನಾ?" ಎಂದು ಅಳುತ್ತ ಕೇಳಿದಳು. "ಇಲ್ಲ, ಅವನು ಮುಟ್ಟಲಿಲ್ಲ" ಅಂದೆ. ಅದೂ ನಿಜವೇ.

ಕೊರೋನಾದಿಂದ ಕೋರ್ಟಿನ ಕೆಲಸವೆಲ್ಲ ಹಿಂದೆ ಬಿದ್ದಿತ್ತು. ಒಂದು ವರ್ಷದ ಮೇಲಾದ ಮೇಲೆ ಸಾಕ್ಷಿ ಹೇಳಲು ಕರೆ ಬಂತು. ಅಷ್ಟು ದಿನವೂ ಆ ಮನುಷ್ಯ ಜೈಲಿನಲ್ಲೇ ಇದ್ದ.

ಮೊದಲು ಸರ್ಕಾರಿ ವಕೀಲೆಯ ಆಫೀಸಿಗೆ ಹೋಗಬೇಕಿತ್ತು. ಆಕೆ ಚುರುಕಾದ ಹೆಂಗಸು, ಸಣ್ಣ ಕೂದಲು, ಕೈತುಂಬ ಉಂಗುರ. ಕನ್ನಡದ ದುಭಾಷಿ ಕಂಪ್ಯೂಟರ್ ಪರದೆಯ ಮೇಲೆ ಬಂದರು. ದೂರದ ಎಲಿಕಾಟ್ ಸಿಟಿಯಿಂದ ಮಾತಾಡುತ್ತಿದ್ದೇನೆ ಎಂದರು. ಅಷ್ಟು ಚೆಂದದ ಕನ್ನಡ ಕೇಳಿ ಎಷ್ಟು ದಿನವಾಗಿತ್ತೋ. ನಾನು ಖುಷಿಯಿಂದ "ಯಾವೂರು ತಾಯಿ ನಿಮ್ದು?" ಅಂದೆ. ದುಭಾಷಿ ಮುಖ ಅಲ್ಲಾಡಿಸದೆ ಅದನ್ನು ಇಂಗ್ಲಿಷಿಗೆ ಮಾಡಿ ಸರ್ಕಾರಿ ವಕೀಲೆಗೆ ಕೇಳಿದರು. ವಕೀಲೆ ಆಶ್ಚರ್ಯದಿಂದ ತನ್ನ ಊರು ಯಾವುದೆಂದು ಹೇಳಿದಳು. ಅದು ಮತ್ತೆ ಕನ್ನಡವಾಗಿ ನನಗೆ ಬಂತು. ದುಭಾಷಿ ತಮ್ಮ ಮಾತು ಆಡುವಂತಿಲ್ಲವಂತೆ, ಆಡಿದ್ದನ್ನೆಲ್ಲ ಆಚೆ ದಾಟಿಸುವುದಷ್ಟೇ ಅವರ ಕೆಲಸವಂತೆ. ಕೋಣೆಯಲ್ಲಿ ನನ್ನ ಮಾತು ಬಲ್ಲ ಒಬ್ಬರೇ ಒಬ್ಬರು, ಅವರ ಜೊತೆಗೇ ಮಾತಿಲ್ಲ.

ವಕೀಲೆ ನನಗೆ ಕಾನೂನು ಬಿಡಿಸಿ ಹೇಳಿದಳು. ಈ ರಾಜ್ಯದಲ್ಲಿ ಆಯುಧ ಹಿಡಿದು ದೋಚುವುದು ಬೇರೆ ಅಪರಾಧ, ಬರೀ ಬೆದರಿಸಿ ದೋಚುವುದು ಬೇರೆ. ಮೊದಲನೆಯದಕ್ಕೆ ನಿಜವಾದ ಆಯುಧವೇ ಬೇಕೆಂದಿಲ್ಲ, ಆಯುಧದ ಹಾಗೆ ಕಾಣುವ ವಸ್ತು ಸಾಕು. ಮೇಲಿನ ಕೋರ್ಟುಗಳು ಇನ್ನೂ ಮುಂದಕ್ಕೆ ಹೋಗಿವೆ: ಆಯುಧ ಕಣ್ಣಿಗೆ ಬೀಳಬೇಕೆಂದೂ ಇಲ್ಲ, ಆಮೇಲೆ ಸಿಗಬೇಕೆಂದೂ ಇಲ್ಲ. ಕೈಯನ್ನು ಜೇಬಿನಲ್ಲೋ ಬಟ್ಟೆಯ ಕೆಳಗೋ ಇಟ್ಟು, ಆಯುಧವಿದೆ ಎಂದು ಎದುರಿನವರು ನಂಬುವ ಹಾಗೆ ನಡೆದುಕೊಂಡರೆ, ಹಾಗೆ ನಂಬಿದ್ದು ಸಹಜವಾಗಿದ್ದರೆ, ಅಷ್ಟಕ್ಕೇ ಆಯುಧದ ದರೋಡೆ ಆಗಬಹುದು.

"ಆದ್ದರಿಂದ ಟವೆಲ್ಲಿನ ಕೆಳಗೆ ಏನಿತ್ತು ಎಂಬುದಕ್ಕಿಂತ, ನಿಮಗೆ ಏನನ್ನಿಸಿತು ಎಂಬುದೇ ಮುಖ್ಯ," ಎಂದು ದುಭಾಷಿಯ ದನಿಯಲ್ಲಿ ವಕೀಲೆ ಹೇಳಿದಳು. "ನಿಮಗೆ ಏನನ್ನಿಸಿತು?"

ಮಕ್ಕಳೇ, ನನ್ನ ಆಯುಸ್ಸಿನಲ್ಲಿ ಈ ಪ್ರಶ್ನೆಯನ್ನು ಇಷ್ಟು ಗಂಭೀರವಾಗಿ ಯಾರೂ ಕೇಳಿರಲಿಲ್ಲ. ಮದುವೆ ಗೊತ್ತುಮಾಡಿದಾಗ ಕೇಳಿರಲಿಲ್ಲ, ಈ ದೇಶಕ್ಕೆ ಹೊರಟಾಗ ಕೇಳಿರಲಿಲ್ಲ. ಒಂದು ರಾಜ್ಯದ ದೊಡ್ಡ ದೊಡ್ಡ ಜಡ್ಜುಗಳು ಕೂತು, ಅಂಗಡಿಯಲ್ಲಿ ನಿಂತ ಹೆಂಗಸಿಗೆ ಏನನ್ನಿಸಿತು ಎಂಬುದರ ಮೇಲೆ ಕಾನೂನು ನಿಲ್ಲಿಸಿದ್ದಾರೆ. ಉತ್ತರ ನನ್ನ ಹತ್ತಿರ ಇತ್ತು. ಆದರೆ ಬಾಯಿಗೆ ಬಂದದ್ದು ಬೇರೆ.

"ಹೆದರಿಕೆ ಆಯ್ತು," ಅಂದೆ. "ಯಜಮಾನ್ರು ಹೇಳಿದ್ದಾರಲ್ಲ."

ವಕೀಲೆಗೆ ಆ ಉತ್ತರ ಸಾಲಲಿಲ್ಲ. "ಯಜಮಾನರು ಅಲ್ಲಿ ಇರಲಿಲ್ಲ. ಯೋಚನೆ ಮಾಡಿ. ವಿಚಾರಣೆಗೆ ಮುಂಚೆ ಮತ್ತೆ ಮಾತಾಡೋಣ," ಎಂದಳು. ಪರದೆ ಕಪ್ಪಾಯಿತು. ದುಭಾಷಿಗೆ ನಮಸ್ಕಾರ ಹೇಳಲೂ ಆಗಲಿಲ್ಲ.

ಯಜಮಾನರು ಕಾರಿನಲ್ಲಿ ಕಾಯುತ್ತಿದ್ದರು. ದಾರಿಯಲ್ಲಿ ಹೇಳಿದರು: "ಆರ್ಮ್ಡ್ ರಾಬರಿ ಪ್ರೂವ್ ಆದ್ರೆ ಹತ್ತು ವರ್ಷ ಮಿನಿಮಮ್ ಆಂಟಿ. ಪೆರೋಲೂ ಇಲ್ಲ. ಬರೀ ಹೆದರಿಸಿದ್ದು ಅಂತಾದ್ರೆ ಜಡ್ಜು ಒಂದೆರಡು ವರ್ಷ ಕೊಟ್ಟು ಬಿಟ್ರೂ ಬಿಟ್ರೇ. ಮತ್ತೆ ಬಂದು ನಮ್ಮ ಬಾಗಿಲಲ್ಲೇ ನಿಂತ್ಕೋತಾನೆ."

"ಗನ್ ನಾನು ನೋಡ್ಲಿಲ್ಲವಲ್ಲ," ಅಂದೆ.

"ನೋಡೋದೇ ಬೇಡ್ವಂತೆ, ಲಾಯರ್ ಹೇಳಿದ್ರಲ್ಲ. ಗನ್ ಅಂತ ಅನ್ನಿಸ್ತು ಅಂದ್ರೆ ಸಾಕು. ನಿಮಗೆ ಅನ್ನಿಸ್ತು ತಾನೆ?"

ನಾನು ಕಿಟಕಿಯ ಕಡೆ ನೋಡಿದೆ. ಅವರು ಕೆಟ್ಟವರಲ್ಲ. ಆ ದಿನದಿಂದ ಅಂಗಡಿಯ ಬಾಗಿಲ ಗಂಟೆ ಸದ್ದಾದರೆ ಬೆಚ್ಚುತ್ತಿದ್ದರು. ನನಗಾಗಿ ಬಾಗಿಲಿಗೆ ಹೊಸ ಬೀಗ ಹಾಕಿಸಿದ್ದರು, ಕರೆದುಕೊಂಡು ಹೋಗಿ ಬಿಡುತ್ತಿದ್ದರು. ಅವರ ರೊಟ್ಟಿ ತಿಂದು ಅವರ ಮಾತಿಗೆ ಎದುರು ಹೇಳುವುದು ನನ್ನಿಂದ ಆಗುವ ಕೆಲಸವಲ್ಲ ಅಂದುಕೊಂಡೆ.

ಆ ಸಂಜೆ ಚಹಾ ಕಾಸಿಕೊಂಡು ಟೇಬಲ್ಲಿಗೆ ಕೂತೆ. ಎದುರು ಕುರ್ಚಿ ಖಾಲಿ. ನನ್ನ ಹತ್ತಿರ ಅಪ್ಪನ ಟವೆಲ್ ಒಂದಿದೆ, ಕೆಂಪಂಚಿನದು. ತೆಗೆದು ಎಡಗೈ ಮೇಲೆ ಹೊದಿಸಿಕೊಂಡು, ಎರಡು ಬೆರಳು ಮುಂದೆ ಚಾಚಿ, ಬಲಗೈಯನ್ನು ಕೆಳಗೆ ಹಾಕಿದೆ. ನನ್ನ ಬೆರಳನ್ನು ನಾನೇ ಹಿಡಿದುಕೊಂಡು ಕೂತಿದ್ದೆ. ಏನನ್ನಿಸಿತು? ಟವೆಲ್ ಕಂಡಾಗ ಬಂದೂಕು ಎಂದು ಅನ್ನಿಸಿತೇ? ಎಷ್ಟು ಹುಡುಕಿದರೂ ಅದು ಸಿಗಲಿಲ್ಲ. ಟವೆಲ್ ಕಂಡಾಗ ಅಪ್ಪ ನೆನಪಾಗಿದ್ದರು, ಕೈ ಹೋಗಿತ್ತು. ಹೆದರಿಕೆ ಬಂದದ್ದು ಬೆರಳು ಮುಟ್ಟಿದ ಮೇಲೆ. ಆ ನಡುಕಕ್ಕೆ ಹೆದರಿದೆ, ಆ ಮನುಷ್ಯನಿಗೆ ಹೆದರಿದೆ.

ಅದು ಸರಿ. ಆದರೆ ಹೇಳಬೇಕಾದರೆ ಕೈ ಹಿಡಿದದ್ದನ್ನೂ ಹೇಳಬೇಕು. ನಿಮ್ಮಪ್ಪನಿಗೆ ತಿಳಿಯುತ್ತದೆ, ಅಂಗಡಿಗೆ ಬರುವ ನಮ್ಮ ಜನಕ್ಕೆಲ್ಲ ತಿಳಿಯುತ್ತದೆ. ನಿಮ್ಮಮ್ಮನಿಗೆ ಫೋನ್ ಮಾಡಿದೆ. ಹೇಳುವುದಕ್ಕೆಂದೇ ಮಾಡಿದ್ದು. ಅವಳು ಚಿರಂತನ ಹೋಮ್‌ವರ್ಕ್ ಮಾಡಿಸುತ್ತಿದ್ದಳು. "ಅಮ್ಮಾ, ಕೋರ್ಟಲ್ಲಿ ಕೇಳಿದ್ದಕ್ಕೆ ಮಾತ್ರ ಆನ್ಸರ್ ಮಾಡು, ಎಕ್ಸ್‌ಟ್ರಾ ಏನೂ ಹೇಳೋಕೆ ಹೋಗ್ಬೇಡ," ಎಂದಳು. ಆಯ್ತು ಅಂದೆ.

ಎರಡು ಮೂರು ದಿನ ಹೀಗೇ ಕಳೆಯಿತು. ಕೊತ್ತಂಬರಿ ಕಟ್ಟುತ್ತಿದ್ದಾಗ ಮತ್ತೆ ಮತ್ತೆ ಒಂದೇ ಲೆಕ್ಕ ಬರುತ್ತಿತ್ತು. ಹತ್ತು ವರ್ಷ. ತಾತನ ಜೊತೆ ನಾನು ಅಮೆರಿಕಾದಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಯಾರೂ ಹಿಡಿಯದ ಒಂದು ಕೈ ಅಷ್ಟು ವರ್ಷ ಹೇಗಿರುತ್ತದೆ ಎಂಬುದು ನನಗೆ ಸ್ವಲ್ಪ ಗೊತ್ತಾಗತೊಡಗಿತ್ತು.

ಸಾಕ್ಷಿಗಳನ್ನು ನೋಡಿಕೊಳ್ಳುವ ಒಬ್ಬ ಹೆಂಗಸು ಸರ್ಕಾರಿ ವಕೀಲೆಯ ಆಫೀಸಿನಲ್ಲಿದ್ದಳು, ನಂಬರು ಕೊಟ್ಟಿದ್ದಳು. ಅಂಗಡಿಯ ಹಿಂದೆ, ಖಾಲಿ ಪೆಟ್ಟಿಗೆಗಳ ಪಕ್ಕದಲ್ಲಿ ನಿಂತು ಫೋನ್ ಮಾಡಿದೆ. ದುಭಾಷಿ ಇಲ್ಲ, ಯಜಮಾನರಿಲ್ಲ, ಮಗಳಿಲ್ಲ. "ಐ ಟಚ್," ಅಂದೆ. "ಅಂಡರ್ ಟವೆಲ್. ಮೈ ಹ್ಯಾಂಡ್, ಹಿಸ್ ಹ್ಯಾಂಡ್. ನೋ ಗನ್. ಫಿಂಗರ್." ಅವಳಿಗೆ ತಿಳಿಯಿತೋ ಇಲ್ಲವೋ ಎಂದು ನಾನೇ ಮತ್ತೆ "ಫಿಂಗರ್" ಅಂದೆ. ಅವಳು ನಾಳೆ ಬೆಳಿಗ್ಗೆ ಬರಲು ಆಗುತ್ತದೆಯೇ ಎಂದು ಕೇಳಿದಳು. ನಾನು ಮೊದಲ ಸಲ ಟ್ಯಾಕ್ಸಿ ಮಾಡಿಕೊಂಡು ಒಬ್ಬಳೇ ಹೋದೆ.

ಸರ್ಕಾರಿ ವಕೀಲೆ ಒಂದೇ ವಿಷಯವನ್ನು ಬೇರೆ ಬೇರೆ ತರಹ ಕೇಳಿದಳು. ಯಾರಾದರೂ ಹೀಗೆ ಹೇಳಲು ಹೇಳಿದರೇ? ಆ ಮನುಷ್ಯನ ಕಡೆಯವರು ಬಂದಿದ್ದರೇ? ಇಲ್ಲ, ಇಲ್ಲ. ಹಾಗಾದರೆ ಇಷ್ಟು ದಿನ ಯಾಕೆ ಹೇಳಲಿಲ್ಲ?

"ಯಾರೂ ಕೇಳ್ಲಿಲ್ಲ. ಮತ್ತೆ ನಾಚಿಕೆ ಆಯ್ತು," ಅಂದೆ.

ಪರದೆಯ ಮೇಲೆ ದುಭಾಷಿ ಅದನ್ನು ದಾಟಿಸುವ ಮೊದಲು ಒಂದು ಉಸಿರು ತೆಗೆದುಕೊಂಡರು. ಅಷ್ಟೇ. ಆದರೆ ಆ ಉಸಿರಿನಲ್ಲಿ ಅವರು ನಮ್ಮ ಕಡೆಯ ಹೆಣ್ಣುಮಗಳಾಗಿದ್ದರು.

ವಕೀಲೆ ಪೆನ್ನು ಕೆಳಗಿಟ್ಟಳು. ಇದನ್ನು ಎದುರು ವಕೀಲರಿಗೆ ತಾನು ತಿಳಿಸಲೇಬೇಕು, ಆರೋಪಿಗೆ ಅನುಕೂಲವಾಗುವುದನ್ನು ಮುಚ್ಚಿಡುವಂತಿಲ್ಲ ಎಂದಳು. ಆದರೂ ಮೊಕದ್ದಮೆ ಆಯುಧದ ದರೋಡೆ ಎಂದೇ ನಡೆಯುತ್ತದೆ, ಯಾಕೆಂದರೆ ನೀವು ಮುಟ್ಟುವ ಮೊದಲು ಅವನು ಟವೆಲ್ ಚಾಚಿ ಬೆದರಿಸಿದ್ದಾನೆ, ಜ್ಯೂರಿ ತೀರ್ಮಾನಿಸಲಿ ಎಂದಳು. ನನ್ನ ಮೇಲೆ ಸಿಟ್ಟಾದಳೋ ಇಲ್ಲವೋ ತಿಳಿಯಲಿಲ್ಲ.

ವಿಚಾರಣೆಯ ದಿನ ಸಾಕ್ಷಿಗಳು ಒಬ್ಬರ ಮಾತು ಒಬ್ಬರು ಕೇಳಬಾರದೆಂದು ನನ್ನನ್ನು ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿದರು. ಯಜಮಾನರನ್ನು ಇನ್ನೆಲ್ಲೋ. ಕಿಟಕಿ ಇಲ್ಲ. ಗೋಡೆಯ ಮೇಲೆ ಸಮುದ್ರದ ಚಿತ್ರ. ಮನೆಯಿಂದ ತಂದ ಚಿತ್ರಾನ್ನದ ಡಬ್ಬಿ ತೆಗೆಯಲು ಸಂಕೋಚವಾಗಿ ಹಾಗೇ ಇಟ್ಟುಕೊಂಡಿದ್ದೆ.

ಒಳಗೆ ಕರೆದಾಗ ಮೊದಲು ಕಂಡದ್ದು ಜ್ಯೂರಿಯಲ್ಲಿ ಸಾಲಾಗಿ ಕೂತ ಮುಖಗಳು. ಆ ಮನುಷ್ಯ ತನ್ನ ವಕೀಲರ ಪಕ್ಕ ಕೂತಿದ್ದ, ಶರ್ಟು ದೊಗಳೆಯಾಗಿತ್ತು. ಮಾಸ್ಕು ಇಲ್ಲದೆ ಅವನ ಗುರುತು ನನಗೆ ಹತ್ತಲಿಲ್ಲ. ಕೈಗಳು ಮೇಜಿನ ಕೆಳಗಿದ್ದವು.

ಸರ್ಕಾರಿ ವಕೀಲೆ ಬೂದು ಟವೆಲ್ಲನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದಳು. ಅದೇ ಟವೆಲ್ಲೇ ಎಂದು ಕೇಳಿ, ನಡೆದದ್ದನ್ನು ಮಾಡಿ ತೋರಿಸಲು ಹೇಳಿದಳು. ತನ್ನ ಬಲಗೈ ಚಾಚಿ, ಎರಡು ಬೆರಳು ಜೋಡಿಸಿ, ಮೇಲೆ ಟವೆಲ್ ಹೊದಿಸಿಕೊಂಡು ನನ್ನ ಮುಂದೆ ನಿಂತಳು. "ಆಮೇಲೆ ನೀವು ಏನು ಮಾಡಿದಿರಿ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸ್ಲೇಟು ಇರಲಿಲ್ಲ. ಕೈ ಹಾಕಿದೆ. ವಕೀಲೆಯ ಬೆರಳು ಬೆಚ್ಚಗಿದ್ದವು, ಉಂಗುರ ಒತ್ತಿದವು.

"ಹೀಗೆ ಹಿಡ್ಕೊಂಡೆ," ಅಂದೆ. "ನಮ್ಮಪ್ಪ ದನದ ವ್ಯಾಪಾರಿ. ನಮ್ಮ ಕಡೆ ಟವೆಲ್ ಹೊದ್ಸಿ ಕೈ ನೀಡಿದ್ರೆ ಬೆರಳು ಹಿಡೀತಾರೆ. ಕೈ ಅದಾಗೇ ಹೋಯ್ತು."

ದುಭಾಷಿ ದಾಟಿಸಿದರು. ಜ್ಯೂರಿಯ ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ತನ್ನ ಕೈಯನ್ನು ತಾನೇ ನೋಡಿಕೊಂಡ.

ಎದುರು ವಕೀಲರು ತೆಳ್ಳಗಿನ ಮನುಷ್ಯ, ಜೋರಾಗಿ ಮಾತಾಡುವವರಲ್ಲ. ಅವರು ಕೇಳಿದ್ದೆಲ್ಲ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮಾತ್ರ. ಡ್ರಾಯರ್ ತೆಗೆದದ್ದು ಮೊದಲೋ, ಬೆರಳು ಮುಟ್ಟಿದ್ದು ಮೊದಲೋ? ಬೆರಳು. ಡ್ರಾಯರ್ ತೆಗೆಯುವಾಗ ಟವೆಲ್ಲಿನ ಕೆಳಗೆ ಏನಿದೆ ಎಂದು ನಿಮಗೆ ಗೊತ್ತಿತ್ತೇ? ಗೊತ್ತಿತ್ತು. ಏನು? ಕೈ. ಬರೀ ಕೈ.

ಸರ್ಕಾರಿ ವಕೀಲೆ ಮತ್ತೆ ಎದ್ದಳು. "ಹಾಗಾದರೆ ನಿಮಗೆ ಭಯವೇ ಇರಲಿಲ್ಲವೇ?"

"ಇತ್ತು. ಬಂದೂಕಿನ ಭಯ ಅಲ್ಲ. ಅವನದು."

ನನ್ನ ಸಾಕ್ಷಿ ಮುಗಿದ ಮೇಲೆ ಸೋತವಳ ಹಾಗೆ ಅನ್ನಿಸಿತು. ಜಡ್ಜು ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಲು ಬಿಟ್ಟರು. ಪರದೆ ಆರಿಸಿದ್ದರು, ದುಭಾಷಿ ಹೋಗಿದ್ದರು. ಜ್ಯೂರಿಯನ್ನು ಹೊರಗೆ ಕಳಿಸಿ ವಕೀಲರಿಬ್ಬರೂ ಜಡ್ಜಿನ ಮುಂದೆ ಬಹಳ ಹೊತ್ತು ವಾದಿಸಿದರು. ನನಗೆ ಬಿಡಿ ಬಿಡಿ ಪದಗಳು ಮಾತ್ರ ಹಿಡಿಯುತ್ತಿದ್ದವು. ಪಕ್ಕದಲ್ಲಿ ಕೂತ ಆ ಸಾಕ್ಷಿ ನೋಡಿಕೊಳ್ಳುವ ಹೆಂಗಸು ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಜೇಬಿನಲ್ಲಿ ಕೈ ಇಟ್ಟವರ, ಚೀಲದಲ್ಲಿ ಕೈ ಇಟ್ಟವರ ಹಳೆಯ ಮೊಕದ್ದಮೆಗಳನ್ನೆಲ್ಲ ಸರ್ಕಾರಿ ವಕೀಲೆ ಮುಂದಿಟ್ಟಳಂತೆ. ಆಯುಧ ಕಾಣದಿದ್ದರೂ ಶಿಕ್ಷೆ ನಿಂತಿದೆ ಎಂದಳಂತೆ. ಎದುರು ವಕೀಲರು, ಅವುಗಳಲ್ಲೆಲ್ಲ ಎದುರಿಗಿದ್ದವರು ಆಯುಧವಿದೆ ಎಂದು ನಂಬಿದ್ದರು, ಇಲ್ಲಿ ಈಕೆ ಹಿಡಿದು ನೋಡಿದ್ದಾಳೆ, ದುಡ್ಡು ಹೋಗುವಾಗ ಆ ನಂಬಿಕೆ ಇರಲಿಲ್ಲ ಎಂದರಂತೆ. ಜಡ್ಜು ತಾವೇ ತೀರ್ಮಾನಿಸದೆ, ಎರಡು ಅಪರಾಧಗಳನ್ನೂ ಜ್ಯೂರಿಗೆ ವಿವರಿಸಿ, ಯಾವುದೆಂದು ನೀವು ಹೇಳಿ ಎಂದು ಬಿಟ್ಟರು.

ಹೊರಗೆ, ಪಾನೀಯದ ಮೆಷೀನಿನ ಹತ್ತಿರ ಕಾದೆ. ಯಜಮಾನರು ಬಂದು ನಿಂತರು. ವಿಷಯ ಅವರಿಗೆ ತಿಳಿದಿತ್ತು.

"ನನಗೆ ಒಂದ್ಮಾತು ಹೇಳ್ಬೋದಿತ್ತಲ್ಲ ಆಂಟಿ."

"ನಿಮಗೆ ಹೇಳೋಕೆ ಹೋದ್ರೆ ನೀವೇ ಹೇಳ್ಬಿಡ್ತಿದ್ರಿ ಸಾರ್," ಅಂದೆ. ಹೇಗೆ ಬಂತೋ ಬಾಯಿಗೆ. ಅವರು ಮೆಷೀನಿಗೆ ದುಡ್ಡು ಹಾಕಿದರು. ಒಂದು ನೀರಿನ ಬಾಟಲಿ ತೆಗೆದು ನನ್ನ ಪಕ್ಕ ಇಟ್ಟು ಹೋದರು.

ಸಂಜೆಗೆ ಜ್ಯೂರಿ ಬಂತು. ಆಯುಧದ ದರೋಡೆ ಅಲ್ಲ. ಬೆದರಿಸಿ ದೋಚಿದ್ದು ಹೌದು. ಎದುರು ವಕೀಲರು ಆ ಮನುಷ್ಯನ ಬೆನ್ನ ಮೇಲೆ ಕೈ ಇಟ್ಟರು. ಕೋರ್ಟಿನ ಪೊಲೀಸು ಬಂದು ಮುಂಗೈಗೆ ಬೇಡಿ ಹಾಕಿದಾಗ ಅವನ ಬಲಗೈ ನನಗೆ ಮೊದಲ ಸಲ ಕಣ್ಣಿಗೆ ಕಂಡಿತು. ತೋರುಬೆರಳ ಪಕ್ಕದಲ್ಲಿ ಆ ಗುರುತು ಇತ್ತು, ನಾನು ತಿಳಿದ ಜಾಗದಲ್ಲೇ. ಅವನು ನನ್ನ ಕಡೆ ತಿರುಗಲಿಲ್ಲ. ಶಿಕ್ಷೆ ಹೇಳಿದ ದಿನ ನಾನು ಹೋಗಲಿಲ್ಲ. ಹತ್ತಕ್ಕಿಂತ ಬಹಳ ಕಡಿಮೆ, ಜೈಲಿನಲ್ಲಿ ಕಳೆದದ್ದೂ ಅದರಲ್ಲಿ ಸೇರುತ್ತದೆ ಎಂದು ಆ ಹೆಂಗಸು ಫೋನ್ ಮಾಡಿ ತಿಳಿಸಿದಳು.

ಅಂಗಡಿಯಲ್ಲಿ ಕೆಲಸ ಉಳಿಯಿತು. ಕೌಂಟರಿಗೆ ಬೇರೆಯವರು ಬಂದರು, ನಾನು ಹಿಂದಿನ ಕೋಣೆಯಲ್ಲಿ ಸೊಪ್ಪು ಕಟ್ಟುತ್ತೇನೆ. ಯಜಮಾನರು ಈಗಲೂ ಆಂಟಿ ಅನ್ನುತ್ತಾರೆ, ಡಬ್ಬಿಯ ರೊಟ್ಟಿ ಮಾತ್ರ ತಮ್ಮ ಕಾರಿನಲ್ಲೇ ಕೂತು ತಿನ್ನುತ್ತಾರೆ. ನಮ್ಮ ಜನದಲ್ಲಿ ಕೆಲವರು ನನ್ನ ಕೈಯನ್ನು ಒಂದು ತರಹ ನೋಡುತ್ತಾರೆ. ನೋಡಲಿ. ಗಾಜಿನ ಹಲಗೆ ತೆಗೆದು ಬಹಳ ದಿನವಾಯಿತು. ಅದು ಹೋದದ್ದರಿಂದ ನನಗೇನೂ ಆಗಲಿಲ್ಲ, ಹಿಂದಿನ ಕೋಣೆಗೆ ಗಿರಾಕಿಗಳು ಬರುವುದಿಲ್ಲ.

ಚಿರಂತ್, ನಿನ್ನ ಪ್ರಶ್ನೆಗೆ ಇದು ಉತ್ತರ. ಗನ್ ಇರಲಿಲ್ಲ, ಕೈ ಇತ್ತು. ಅದನ್ನು ಹಿಡಿದದ್ದಕ್ಕೆ ನನಗೆ ಈಗ ನಾಚಿಕೆ ಇಲ್ಲ. ಇದನ್ನು ನಿಮ್ಮಮ್ಮನಿಗೂ ಓದಿ ಹೇಳಿ, ಅವಳಿಗೆ ಇಷ್ಟೆಲ್ಲ ನಾನು ಹೇಳಿಲ್ಲ.

ಈ ಹಾಳೆಗಳನ್ನು ಅಪ್ಪನ ಕೆಂಪಂಚಿನ ಟವೆಲ್ಲಿನಲ್ಲಿ ಸುತ್ತಿ ಕಳಿಸುತ್ತಿದ್ದೇನೆ. ಓದಲು ಬರುವವರೆಗೆ ಹಾಗೇ ಸುತ್ತಿಟ್ಟಿರಿ, ನೆನೆಯದ ಜಾಗದಲ್ಲಿ, ಇಬ್ಬರಿಗೂ ಗೊತ್ತಿರುವ ಕಡೆ. ಟವೆಲ್ಲನ್ನು ಮಾತ್ರ ನಾನು ಬಂದಾಗ ಹೊರಗೆ ತೆಗೆಯಿರಿ. ನಾನು ಅದನ್ನು ಹೊದಿಸಿ ಕೈ ಚಾಚುತ್ತೇನೆ. ನೀವು ತಡಮಾಡದೆ ಕೈ ಹಾಕಿ, ಎಷ್ಟು ಅಂತ ಹೇಳಬೇಕು.